ಪಿಟ್ಯುಟರಿ ಗ್ರಂಥಿಯ ಗ್ಲೈಕೋಪ್ರೋಟೀನ್ ಹಾರ್ಮೋನುಗಳ ರಾಸಾಯನಿಕ ರಚನೆ ಹೇಗಿದೆ?

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯ ಮುಂಭಾಗದಲ್ಲಿ ತಯಾರಾಗುವ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವುದು), ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ (ಅಂಡಾಶಯ, ವೃಷಣಗಳನ್ನು ಪ್ರಚೋದಿಸುವವು) ಎಂಬ ಮೂರು ಹಾರ್ಮೋನುಗಳು ಗ್ಲೈಕೋಪ್ರೋಟೀನುಗಳು, ಅಂದರೆ ಸಕ್ಕರೆಯ ಸರಪಳಿಗಳನ್ನು ಹೊತ್ತ ಪ್ರೋಟೀನುಗಳು. ಪ್ರತಿಯೊಂದರಲ್ಲೂ ಆಲ್ಫಾ ಮತ್ತು ಬೀಟಾ ಎಂಬ ಎರಡು ಉಪಘಟಕಗಳಿದ್ದು, ಅವುಗಳ ನಡುವೆ ಸಹವೇಲೆನ್ಸೀಯ ಬಂಧ (ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಆಗುವ ಗಟ್ಟಿ ಬಂಧ) ಇಲ್ಲ. ಆದರೆ ಆಲ್ಫಾದ ಒಳಗೆ ಐದು, ಬೀಟಾದ ಒಳಗೆ ಆರು ಡೈಸಲ್ಫೈಡ್ ಬಂಧಗಳು (ಎರಡು ಗಂಧಕದ ಪರಮಾಣುಗಳ ನಡುವಿನ ಬಂಧಗಳು) ಆಕಾರವನ್ನು ಬಿಗಿಯಾಗಿ ಹಿಡಿದಿರುತ್ತವೆ.

ಮನುಷ್ಯರಲ್ಲಿ 92 ಅಮೈನೋ ಆಮ್ಲಗಳ ಆಲ್ಫಾ ಉಪಘಟಕದ ಪ್ರೋಟೀನ್ ಸರಣಿ ಈ ಮೂರರಲ್ಲೂ ಒಂದೇ. ಹಾರ್ಮೋನು ಥೈರಾಯ್ಡಿನ ಮೇಲೆ ಕೆಲಸ ಮಾಡಬೇಕೋ, ಅಂಡಾಶಯ ಅಥವಾ ವೃಷಣದ ಮೇಲೋ ಎಂಬುದನ್ನು ನಿರ್ಧರಿಸುವುದು ಬೀಟಾ. ಆದರೂ ಬೀಟಾ ಒಂಟಿಯಾಗಿದ್ದರೆ ಗ್ರಾಹಕವನ್ನು (ಹಾರ್ಮೋನು ಬಂದು ಅಂಟಿಕೊಳ್ಳುವ, ಜೀವಕೋಶದ ಮೇಲಿನ ಪ್ರೋಟೀನನ್ನು) ಪ್ರಚೋದಿಸಲಾರದು.

ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನ ಸಲ್ಲಬೇಕಾದದ್ದು ಸಕ್ಕರೆಯ ಭಾಗಕ್ಕೆ. ಈ ಸರಪಳಿಗಳು ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೆ ಜೋಡಣೆಯಾಗಿರುತ್ತವೆ: ಆಲ್ಫಾದಲ್ಲಿ ಎರಡು ಕಡೆ, ಎಫ್‌ಎಸ್‌ಎಚ್‌ನ ಬೀಟಾದಲ್ಲಿ ಎರಡು ಕಡೆ, ಉಳಿದೆರಡರ ಬೀಟಾದಲ್ಲಿ ಒಂದೊಂದು ಕಡೆ. ಎಲ್‌ಎಚ್‌ನ ಸರಪಳಿಗಳ ತುದಿಯಲ್ಲಿ ಸಲ್ಫೇಟ್ ಹೆಚ್ಚಾಗಿರುವುದರಿಂದ ಯಕೃತ್ತು ಅದನ್ನು ರಕ್ತದಿಂದ ಬೇಗ ತೆಗೆದುಹಾಕುತ್ತದೆ. ಎಫ್‌ಎಸ್‌ಎಚ್‌ನಲ್ಲಿ ಸಿಯಾಲಿಕ್ ಆಮ್ಲ ಎಂಬ ಆಮ್ಲೀಯ ಸಕ್ಕರೆ ಹೆಚ್ಚಿರುವುದರಿಂದ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸರಪಳಿಗಳ ಕವಲುಗಳೂ ತುದಿಗಳೂ ಅಣುವಿನಿಂದ ಅಣುವಿಗೆ ಬದಲಾಗುವುದರಿಂದ, ಒಂದೇ ಹಾರ್ಮೋನಿನ ಹಲವು ರೂಪಗಳು ರಕ್ತದಲ್ಲಿ ಒಟ್ಟಿಗೆ ಇರುತ್ತವೆ.

ಗರ್ಭಿಣಿಯರಲ್ಲಿ ಮುಖ್ಯವಾಗಿ ಜರಾಯು ಸ್ರವಿಸುವ ಎಚ್‌ಸಿಜಿ ಎಂಬ ಹಾರ್ಮೋನಿನ ಆಲ್ಫಾ ಕೂಡ ಇದೇ ಸರಣಿಯದು. ಆದ್ದರಿಂದಲೇ ಗರ್ಭಧಾರಣೆಯ ಪರೀಕ್ಷೆಗಳು ಅದರ ಬೀಟಾ ಭಾಗವನ್ನು ಗುರುತಿಸುವ ಪ್ರತಿಕಾಯಗಳನ್ನು ಅವಲಂಬಿಸಿವೆ.