ಮುಂದಿನ ಕಾರ್ಡ್ ಯಾವಾಗ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಎನ್‌ವಿಡಿಯಾ ಕಂಪನಿಯ 5060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಪಿಸಿ ಕಟ್ಟಿಸಬೇಕು. ಹೊಸ ಪೀಳಿಗೆಯ ಗ್ರಾಫಿಕ್ಸ್ ಕಾರ್ಡ್ ಇನ್ನೇನು ಬಂದೇಬಿಟ್ಟಿತು ಅಂತ ಯೂಟ್ಯೂಬಿನಲ್ಲಿ ತಾರೀಖು ಸಮೇತ ಹೇಳುತ್ತಿದ್ದಾರೆ. ಕಾಯಲೇ?

ಉತ್ತರ: ತಮ್ಮಾ, ಗಿಳಿಶಾಸ್ತ್ರದ ಗಿಳಿಯಾದರೂ ಒಂದು ಸಲಕ್ಕೆ ಒಂದೇ ಚೀಟಿ ತೆಗೆಯುತ್ತದೆ. ಇವರು ವಾರಕ್ಕೊಂದು ತೆಗೆಯುತ್ತಾರೆ. 3080 ಬರುತ್ತದೆ ಅಂತ ಎನ್‌ವಿಡಿಯಾ ಬಾಯಿಬಿಟ್ಟಿದ್ದು 2020ರ ಸೆಪ್ಟೆಂಬರ್ 1ಕ್ಕೆ, ಮಾರಾಟ 17ಕ್ಕೆ. 5090 ಹೇಳಿದ್ದು 2025ರ ಜನವರಿ ಮೊದಲ ವಾರ, ಮಾರಿದ್ದು 30ಕ್ಕೆ. ಮಾಡುವವರೇ ತಿಂಗಳೊಳಗೆ ಹೇಳುವಾಗ ಇವರಿಗೆ ಆರು ತಿಂಗಳ ಮೊದಲೇ ಯಾರು ಹೇಳಿದರು?

ಲೆಕ್ಕ ಬೇಕಾದರೆ ಹಿಂದಿನದನ್ನು ನೋಡು. ಹೆಸರಿನ ಕೊನೆಯ ಎರಡಂಕಿ ಕಾರ್ಡಿನ ದರ್ಜೆ, ಮೊದಲಲ್ಲಿರುವುದು ಪೀಳಿಗೆ. 1080 ಬಂದಿದ್ದು 2016ರ ಮೇ, 2080 2018ರ ಸೆಪ್ಟೆಂಬರ್, 3080 2020ರ ಸೆಪ್ಟೆಂಬರ್, 4090 2022ರ ಅಕ್ಟೋಬರ್, 5090 2025ರ ಜನವರಿ. ನಡುವೆ 24ರಿಂದ 28 ತಿಂಗಳು. ಇದಕ್ಕಿಂತ ಸೂಕ್ಷ್ಮವಾಗಿ ಹೇಳುವವನು ಸುಳ್ಳುಗಾರ. ಈಗಂತೂ ಕಾರ್ಡಿಗೆ ಬೇಕಾದ ಮೆಮೊರಿ ಚಿಪ್ಪೆಲ್ಲ ಎಐ ಸರ್ವರ್‌ಗಳ ಪಾಲಾಗುತ್ತಿದೆ, ಈ ಲೆಕ್ಕವೂ ಜಾರಬಹುದು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಮೊದಲು ಬರುವುದು ಸಾಹುಕಾರರ ಕಾರ್ಡು. 4090 ಬಂದು ಎಂಟು ತಿಂಗಳಿಗೆ, 2023ರ ಜೂನ್‌ನಲ್ಲಿ 4060 ಬಂತು. 5060 ಬಂದಿದ್ದು 2025ರ ಮೇನಲ್ಲಿ. ಅಂದರೆ ಕಾಯುವುದು ಎರಡು ಸಲ.

ಬಂದರೂ ಕೈಗೆ ಸಿಗಬೇಕಲ್ಲ. 2020ರಲ್ಲಿ 3080 ಆಸೆಗೆ ನನ್ನ ಹಳೇ ಕಾರ್ಡ್ ಮಾರಿಬಿಟ್ಟೆ. ಆಮೇಲೆ ಕ್ರಿಪ್ಟೊ ನಾಣ್ಯ ಗಳಿಸಲು ಹಗಲೂ ರಾತ್ರಿ ಕಾರ್ಡ್ ಓಡಿಸುವ ಮೈನಿಂಗ್‌ನವರ ಹಾವಳಿ ಶುರುವಾಯಿತು, ದರ ದುಪ್ಪಟ್ಟಾಯಿತು. ಬೆಳಗಾವಿಯ ಅಂಗಡಿಯವರು ನನ್ನ ಮುಖ ನೋಡಿ ಮೊದಲೇ ಕೈ ಆಡಿಸುತ್ತಿದ್ದರು. ಒಂದೂವರೆ ವರ್ಷ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಕಾಲ ಕಳೆದೆ. ಹಾಗಾಗಿ ಈ ಸೆಮಿಸ್ಟರಿಗೆ ಬೇಕಿದ್ದರೆ ಈಗಲೇ ತಗೋ. ಇರುವ ಕಾರ್ಡಿನಲ್ಲೇ ಕೆಲಸ ನಡೆಯುತ್ತಿದ್ದರೆ ಸುಮ್ಮನಿರು, ಅದನ್ನಂತೂ ಮಾರಬೇಡ.

ಪ್ರಶ್ನೆ: 16 ಜಿಬಿ ಮೆಮೊರಿಯ ಕಾರ್ಡ್ 8 ಜಿಬಿಗಿಂತ ಎರಡು ಪಟ್ಟು ವೇಗವಂತೆ, ಹೌದೇ? (ವಿಜಯಪುರ)

ಉತ್ತರ: ಅಲ್ಲ. ಚೀಲ ದೊಡ್ಡದಾದರೆ ಎತ್ತು ಓಡುತ್ತದೆಯೇ?

ಪ್ರಶ್ನೆ: ಮೈನಿಂಗ್‌ಗೆ ಓಡಿಸಿದ 3070 ಅಗ್ಗಕ್ಕೆ ಸಿಗುತ್ತಿದೆ. ಮಾರುವವರು ಓವನ್‌ನಲ್ಲಿ ಬಿಸಿ ಮಾಡಿ ರಿಪೇರಿ ಮಾಡಿದ್ದಾರಂತೆ. (ಟಿಳಕವಾಡಿ, ಬೆಳಗಾವಿ)

ಉತ್ತರ: ಓವನ್‌ನಲ್ಲಿ ಬ್ರೆಡ್ ಮಾಡುತ್ತಾರೆ. ಬಿಲ್ಲೂ ವಾರಂಟಿಯೂ ಇಲ್ಲದಿದ್ದರೆ ಬಿಟ್ಟು ಬನ್ನಿ.