ಕೊನೆಯ ಹಾಡನ್ನು ಮೂರನೆಯದಾಗಿ ಕೇಳಿದ ತಪ್ಪಿಗೆ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ, ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ ಅನ್ನಿಸಿತು.

ಉಳಿದವರಿಗೆ ವಿಷಯ ಗೊತ್ತಾಗಲಿ ಎಂದು ಹೇಳುತ್ತೇನೆ. 2024ರ ಮೆಚ್ಚಿನ ರಾಕ್ ಆಲ್ಬಂಗಳ ನಮ್ಮ ಪಟ್ಟಿಯಲ್ಲಿ ದಿ ಕ್ಯೂರ್ ಬ್ಯಾಂಡಿನದು ಮೊದಲಿತ್ತು, ಪಾಪ್-ಪಂಕ್ (ಪಂಕ್ ರಾಕ್‌ನ ವೇಗಕ್ಕೆ ಪಾಪ್‌ನ ಇಂಪು ಬೆರೆತ ಸಂಗೀತ) ಒಂದೂ ಇರಲಿಲ್ಲ. ನೀವು ನಿಮ್ಮದೇ ಪಟ್ಟಿ ಕಳಿಸಿದ್ದೀರಿ: ಸಮ್ 41, ಗ್ರೀನ್ ಡೇ, ನೆಕ್ ಡೀಪ್, ಲಿಂಕಿನ್ ಪಾರ್ಕ್. ದಿ ಕ್ಯೂರ್ ಕೇಳಿದರೆ ನಿದ್ದೆ ಬರುತ್ತದೆ ಎಂದಿದ್ದೀರಿ. ಕೊನೆಗೆ ಒಂದು ಪ್ರಶ್ನೆ: "ಪಾಪ್-ಪಂಕ್ ಅಂದ್ರೆ ನಿಮಗೆ ನಾಚಿಕೆಯಾ?"

ನಾಚಿಕೆ ಏನೂ ಇಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ಸಮ್ 41ರ 'ಹೆವನ್ ಹೆಲ್' ಮಾರ್ಚ್ ಕೊನೆಯಲ್ಲಿ ಬಂದಾಗ, ನಾನು ಪ್ರೂಫ್ ತಿದ್ದುತ್ತಾ ಅದನ್ನು ಫೋನಿನಲ್ಲಿ ಶಫಲ್‌ಗೆ (ಹಾಡುಗಳು ಕ್ರಮ ತಪ್ಪಿ ಬರುವ ಹಾಗೆ) ಹಾಕಿದ್ದೆ. ಒಂದು ಹಾಡು ಕುಣಿಸುವಂಥದ್ದು, ಅದರ ಬೆನ್ನಿಗೇ ಗುಡುಗು, ಮತ್ತೆ ಕುಣಿತ. ತಲೆಬುಡ ತಿಳಿಯಲಿಲ್ಲ. ಮೂರನೆಯದಾಗಿ ಬಂದದ್ದು 'ಹೌ ದಿ ಎಂಡ್ ಬಿಗಿನ್ಸ್'. ಅದು ಆಲ್ಬಂನ ಕಡೇ ಹಾಡು. ಈ ಆಲ್ಬಂ, ಅದರ ಟೂರ್ ಮುಗಿದರೆ ಬ್ಯಾಂಡೂ ಮುಗಿಯಿತು ಎಂದು ಅವರು 2023ರ ಮೇ ತಿಂಗಳಲ್ಲೇ ಹೇಳಿದ್ದರು. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ನುಡಿಸಿದ ಬ್ಯಾಂಡ್ ಹೊರಡುವಾಗ ಹೇಳಿದ ಮಾತನ್ನು ನಾನು ಹತ್ತು ನಿಮಿಷದೊಳಗೆ ಕೇಳಿ, ಅರ್ಧಕ್ಕೇ ನಿಲ್ಲಿಸಿ, ಕಲಸುಮೇಲೋಗರ ಎಂದು ಗುರುತು ಹಾಕಿಕೊಂಡೆ.

ನಿಮ್ಮ ಪತ್ರ ಬಂದ ಮೇಲೆ ಮೊದಲಿಂದ ಕೊನೆಯವರೆಗೆ ವರಸೆಯಾಗಿ ಕೇಳಿದೆ. ಇಪ್ಪತ್ತು ಹಾಡು. ಮೊದಲ ಹತ್ತು 'ಹೆವನ್', ಪಾಪ್-ಪಂಕ್. ಮುಂದಿನ ಹತ್ತು 'ಹೆಲ್', ಮೆಟಲ್. ಈ ಸಂಗೀತದ ಒಂದು ಸಣ್ಣ ಗುಟ್ಟು ನಿಮಗೆ ಗೊತ್ತೇ ಇರುತ್ತದೆ. ಚರಣ ನಡೆಯುವಾಗ ಗಿಟಾರ್ ತಂತಿಗಳ ಮೇಲೆ ಅಂಗೈಯ ಅಂಚು ಒತ್ತಿಟ್ಟು ಬಾರಿಸುತ್ತಾರೆ. ಸದ್ದು ಬಾಯಿ ಮುಚ್ಚಿಕೊಂಡು ಗೊಣಗಿದ ಹಾಗಿರುತ್ತದೆ. ಪಲ್ಲವಿ ಬಂದ ಕೂಡಲೇ ಅಂಗೈ ಎತ್ತುತ್ತಾರೆ, ತಂತಿಗಳು ಒಟ್ಟಿಗೇ ಬಾಯಿ ಬಿಡುತ್ತವೆ. ಪಾಪ್-ಪಂಕ್‌ನ ಅರ್ಧ ಖುಷಿ ಇರುವುದು ಕೈ ಎತ್ತುವ ಆ ಗಳಿಗೆಯಲ್ಲಿ. 'ಹೆಲ್' ಶುರುವಾದ ಮೇಲೆ ಅದೇ ಅಂಗೈ ತಂತಿಯ ಮೇಲೇ ಬೀಡುಬಿಡುತ್ತದೆ. ಗೊಣಗಾಟವೇ ಹಾಡಾಗುತ್ತದೆ. ಎರಡು ಬೇರೆ ಸಂಗೀತ ಎಂದುಕೊಂಡಿದ್ದೆ, ಒಂದೇ ಕೈಯ ಕೆಲಸ. ಶಫಲ್‌ನಲ್ಲಿ ಇದು ಕಾಣಿಸುವುದಾದರೂ ಹೇಗೆ?

ಇನ್ನೊಂದು ವಿಷಯ. 'ಹೆವನ್'ನ 'ಲ್ಯಾಂಡ್‌ಮೈನ್ಸ್' ಬಿಲ್‌ಬೋರ್ಡ್‌ನ ಆಲ್ಟರ್ನೇಟಿವ್ ಏರ್‌ಪ್ಲೇ ಪಟ್ಟಿಯಲ್ಲಿ (ಅಮೆರಿಕದ ರೇಡಿಯೋಗಳಲ್ಲಿ ಹೆಚ್ಚು ಕೇಳಿಸುವ ರಾಕ್ ಹಾಡುಗಳ ಪಟ್ಟಿ) ಮೊದಲ ಸ್ಥಾನಕ್ಕೆ ಹೋಯಿತು. ಈ ಬ್ಯಾಂಡ್ ಅದಕ್ಕೂ ಮೊದಲು ಅಲ್ಲಿ ನಿಂತಿದ್ದು 2001ರಲ್ಲಿ, 'ಫ್ಯಾಟ್ ಲಿಪ್' ಬಂದಾಗ. ರೇಡಿಯೋದವರಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ, ಅಷ್ಟೇ.

ಆದರೆ ಗ್ರೀನ್ ಡೇಗೆ ನೀವು ಕೊಟ್ಟ ಎರಡನೇ ಜಾಗ ಹಳೇ ಸಲಿಗೆಯ ಜಾಗ, ಅಲ್ವಾ? ಅವರ ಆಲ್ಬಂ 'ಸೇವಿಯರ್ಸ್'ಗೆ ರಾಬ್ ಕವಾಲೊ ಮತ್ತೆ ಪ್ರೊಡ್ಯೂಸರ್ ಆದದ್ದು, ಅವರೇ 'ಡೂಕಿ' (1994), 'ಅಮೆರಿಕನ್ ಈಡಿಯಟ್' (2004) ಮಾಡಿದವರು, ಎಲ್ಲ ಸರಿ. ಕುಡಿತದ ಬಗ್ಗೆ ಬ್ಯಾಂಡಿನ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮುಚ್ಚುಮರೆ ಇಲ್ಲದೆ ಹಾಡುವ 'ಡಿಲೆಮಾ' ನನಗೂ ಇಷ್ಟ. ಆದರೂ ಹದಿನೈದು ಹಾಡು ಜಾಸ್ತಿಯಾಯಿತು. ನನ್ನ ಕೈಗೆ ಕತ್ತರಿ ಕೊಟ್ಟಿದ್ದರೆ ನಾಲ್ಕು ಹೋಗುತ್ತಿದ್ದವು. ಅದೇ ದಿನ, ಜನವರಿ 19ರಂದೇ, ವೇಲ್ಸ್‌ನ ನೆಕ್ ಡೀಪ್ ತನ್ನದೇ ಹೆಸರಿನ ಆಲ್ಬಂ ಬಿಟ್ಟಿತು. ಹತ್ತೇ ಹಾಡು, ಹೇಳಬೇಕಾದ್ದು ಹೇಳಿ ಎದ್ದು ಹೋಗುತ್ತಾರೆ. ನಾನಾದರೆ ಇವರಿಬ್ಬರನ್ನು ಅದಲುಬದಲು ಮಾಡುತ್ತಿದ್ದೆ.

ಲಿಂಕಿನ್ ಪಾರ್ಕ್ ಪಾಪ್-ಪಂಕ್ ಅಲ್ಲ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಜಗಳವಿಲ್ಲ. 2017ರಲ್ಲಿ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ತೀರಿಕೊಂಡ ಮೇಲೆ 'ಫ್ರಮ್ ಝೀರೋ' ಅವರ ಮೊದಲ ಆಲ್ಬಂ, ಹಾಡುವುದಕ್ಕೆ ಹೊಸದಾಗಿ ಎಮಿಲಿ ಆರ್ಮ್‌ಸ್ಟ್ರಾಂಗ್. 'ದಿ ಎಂಪ್ಟಿನೆಸ್ ಮಷಿನ್' ಇನ್ನೊಮ್ಮೆ ಕೇಳಿ. ಮೊದಲ ಚರಣ, ಮೊದಲ ಪಲ್ಲವಿ ಎರಡೂ ಬ್ಯಾಂಡಿನ ಹಳಬ ಮೈಕ್ ಶಿನೋಡಾ ಅವರದೇ. ಎಮಿಲಿ ಬರುವುದು ಎರಡನೇ ಚರಣಕ್ಕೆ. ಹೊಸಬರನ್ನು ಮನೆಗೆ ಕರೆತಂದಾಗ ಮನೆಯವರೇ ಮುಂದೆ ನಿಂತು ಮಾತು ಶುರು ಮಾಡುತ್ತಾರಲ್ಲ, ಹಾಗೆ.

ದಿ ಕ್ಯೂರ್ ವಿಷಯದಲ್ಲಿ ಮಾತ್ರ ನಾನು ಜಗ್ಗುವುದಿಲ್ಲ. ಹದಿನಾರು ವರ್ಷ ಬಿಟ್ಟು ಬಂದ ಆಲ್ಬಂ. ಮೊದಲ ಹಾಡು 'ಅಲೋನ್'ನಲ್ಲಿ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದು ಮೂರು ನಿಮಿಷ ದಾಟಿದ ಮೇಲೆ. ಅಷ್ಟರಲ್ಲಿ ನಿಮ್ಮ ನೆಕ್ ಡೀಪ್ ಒಂದು ಹಾಡನ್ನೇ ಮುಗಿಸಿರುತ್ತದೆ, ಒಪ್ಪಿದೆ. ಆದರೆ ಆ ಮೂರು ನಿಮಿಷ ಸುಮ್ನೆ ಕಾಯಿಸುವುದಲ್ಲ. ಡ್ರಮ್ಸ್, ಬೇಸ್, ಕೀಬೋರ್ಡ್ ಸೇರಿ ಕೋಣೆಯನ್ನು ಕತ್ತಲು ಮಾಡಿಡುತ್ತವೆ. ಆಮೇಲೆ ದನಿ ಬಂದರೆ ಅದು ಎಲ್ಲಿಂದ ಬಂತು ಎಂದು ಹುಡುಕುವ ಹಾಗಿರುತ್ತದೆ. ನಿದ್ದೆ ಬಂತು ಎಂದಿರಲ್ಲ, ನೀವೂ ನನ್ನ ಹಾಗೆ ಬೇರೇನೋ ಕೆಲಸ ಮಾಡುತ್ತಾ ಕೇಳಿದಿರೇನೋ.

ಪಟ್ಟಿ ಅಚ್ಚಾಗಿ ಹೋಗಿದೆ, ಈಗ ಬದಲಾಯಿಸಲು ಬರುವುದಿಲ್ಲ. ನನ್ನ ಪ್ರತಿಯಲ್ಲಿ ಮಾತ್ರ ಏಳನೇ ಹೆಸರಿಗೆ ಗೀಟು ಹೊಡೆದು ಪಕ್ಕದಲ್ಲಿ ಸಮ್ 41 ಎಂದು ಬರೆದುಕೊಂಡಿದ್ದೇನೆ. ಗೀಟು ಬಿದ್ದದ್ದು ಯಾರಿಗೆ ಎಂದು ಹೇಳುವುದಿಲ್ಲ. ಹೇಳಿದರೆ ಅವರ ಅಭಿಮಾನಿಗಳ ಪತ್ರಕ್ಕೂ ಉತ್ತರ ಬರೆಯಬೇಕಾಗುತ್ತದೆ.

— ಸಂಪಾದಕ