ಒಂದೇ ಸಾಲಿಗೆ ಕಟ್ಟುವ ಗಂಟಲು

ಖಾಸಗಿ ಎಫ್‌ಎಂ ಕೇಂದ್ರದ ಆರ್‌ಜೆ ಒಬ್ಬರು, ಮೈಕಿನ ಮುಂದೆ ಆಗಾಗ ಗಂಟಲು ಕಟ್ಟುತ್ತದೆಂದು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದಿದ್ದರು. ಗಂಟಲು ತಜ್ಞರಿಗೆ ಯಾವ ದೋಷವೂ ಕಂಡಿರಲಿಲ್ಲ. ಇದೇ ಸಂಕಟ ಹೊತ್ತು ಬಂದವರಲ್ಲಿ ಅವರು ಮೊದಲಿಗರಲ್ಲವಾದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆರಂಭದಲ್ಲಿ ನಿದ್ದೆ, ಕೆಲಸದ ಒತ್ತಡಗಳ ಮಾತೇ ಆಯಿತು. ಬಳಿಕ ಒಂದು ಭೇಟಿಯಲ್ಲಿ, ಗಂಟಲು ಕಟ್ಟಿದ ದಿನದ ಸ್ಕ್ರಿಪ್ಟನ್ನು ನನ್ನೆದುರು ಓದಲು ಕೇಳಿಕೊಂಡೆ. ಟ್ರಾಫಿಕ್ ಸುದ್ದಿ, ಆಭರಣದಂಗಡಿಯ ಜಾಹೀರಾತು ಎಲ್ಲವನ್ನೂ ಸರಾಗವಾಗಿ ಓದಿದ ಅವರು, ಸಕ್ಕರೆ ಕಾಯಿಲೆಯನ್ನು ಬುಡಸಮೇತ ವಾಸಿಮಾಡುತ್ತದೆನ್ನುವ ಚೂರ್ಣವೊಂದರ ಬಗ್ಗೆ ಹರಟೆಯ ನಡುವೆ ಸೇರಿಸಬೇಕಿದ್ದ ಭಾಗದಲ್ಲಿ, “ನಮ್ಮನೇಲೂ ಇದನ್ನೇ ಬಳಸ್ತೀವಿ” ಎಂಬಲ್ಲಿ ನಿಂತುಬಿಟ್ಟರು.

“ಜಾಹೀರಾತು ಓದೋಕೆ ನನಗೇನೂ ಬೇಜಾರಿಲ್ಲ ಮೇಡಂ, ಸಂಬಳ ಬರೋದೇ ಅದರಿಂದ. ಆದರೆ ಇದನ್ನ ಕೇಳುಗರು ಜಾಹೀರಾತು ಅಂದುಕೊಳ್ಳಲ್ಲ, ನನ್ನ ಮಾತು ಅಂತ ನಂಬ್ತಾರೆ” ಎಂದರು.

ಉಸಿರಾಟದ ಅಭ್ಯಾಸ ಹೇಳಿಕೊಡುವ ಯೋಚನೆಯನ್ನು ನಾನು ಅಲ್ಲಿಗೇ ಬಿಟ್ಟೆ. ಸುಳ್ಳು ಸಲೀಸಾಗಿ ಹೊರಡುವಂತೆ ಗಂಟಲನ್ನು ಪಳಗಿಸುವುದು ನನ್ನ ವೃತ್ತಿಯ ಕೆಲಸವಲ್ಲ. ರಾಜೀನಾಮೆ ಕೊಡಿ ಎಂದೂ ಹೇಳಲಿಲ್ಲ. ಆದರ್ಶ ಬೋಧಿಸುವ ನಾವು ಅವರ ಸಾಲದ ಕಂತು ಕಟ್ಟುವುದಿಲ್ಲವಲ್ಲ. ಜಾಹೀರಾತನ್ನು ಜಾಹೀರಾತೆಂದೇ ತಿಳಿಯುವಂತೆ ಓದುತ್ತೇನೆ, ಬಳಸದ ವಸ್ತುವನ್ನು ಬಳಸಿದ್ದೇನೆಂದು ಹೇಳುವುದಿಲ್ಲ, ರೋಗ ವಾಸಿಯಾಗುತ್ತದೆಂಬ ಮಾತನ್ನಂತೂ ಆಡುವುದಿಲ್ಲ ಎಂದು ಕಾರ್ಯಕ್ರಮ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ, ಇದರಿಂದ ಆದಾಯ ತಗ್ಗಬಹುದೆಂಬುದಕ್ಕೂ ಸಿದ್ಧರಾಗಿರಿ ಎಂದೆ.

ಆಪ್ತಸಲಹೆಗಾರರಿಗೆ ಕಾನೂನಿನ ಗೊಡವೆ ಏಕೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದುಂಟು. ಆದರೆ ಮಧುಮೇಹ ಗುಣಪಡಿಸುವುದಾಗಿ ಹೇಳುವ ಔಷಧ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತನ್ನು ಪರಿಶೀಲಿಸದೆ ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಮ್ಮ ಅಳುಕನ್ನು ದೌರ್ಬಲ್ಯವೆಂದೇ ತಿಳಿದು ಕೊರಗುತ್ತಿದ್ದವರಿಗೆ, ಅದು ನ್ಯಾಯವಾದ ಅಳುಕು ಎಂದು ತೋರಿಸಲು ಈ ವಿವರ ಅಗತ್ಯವಾಗಿತ್ತು. ಅದನ್ನು ಮುಚ್ಚಿಟ್ಟು ಸಾಂತ್ವನ ಹೇಳುವುದರಲ್ಲಿ ನನಗೆ ನಂಬಿಕೆಯಿಲ್ಲ.

ಕೇಂದ್ರವು ಚೂರ್ಣದ ಭಾಗವನ್ನು ಕೈಬಿಟ್ಟಿತು. ಪ್ರಾಯೋಜಿತ ಕಾರ್ಯಕ್ರಮಗಳೂ ಅವುಗಳ ಪ್ರೋತ್ಸಾಹಧನವೂ ಬೇರೊಬ್ಬರ ಪಾಲಾದವು. ಗಂಟಲು ಆಮೇಲೆ ತೊಂದರೆ ಕೊಡಲಿಲ್ಲ. ನಂತರದ ಭೇಟಿಗಳೆಲ್ಲ ಮನೆಸಾಲದ ಕಂತಿನ ಲೆಕ್ಕಾಚಾರಕ್ಕೇ ಹೋದವು.